ಮಧುವನಹಳ್ಳಿ ದಾಟಿದ ಕಾರು

೧೦ ಜೂನ್ ೨೦೨೪, ಸೋಮವಾರ. ಕೊಳ್ಳೇಗಾಲ.

ಸಿಟ್ಟು ಮಾಡಿಕೊಳ್ಳುವಷ್ಟೂ ಶಕ್ತಿ ಉಳಿದಿಲ್ಲ. ಅಪ್ಪನನ್ನು ಡಯಾಲಿಸಿಸ್‌ಗೆ ಮೈಸೂರಿಗೆ ಕರೆದೊಯ್ಯಲು ಆ್ಯಪ್‌ನಲ್ಲಿ ಬುಕ್ ಮಾಡಿದ್ದ ಕಾರು ಬೆಳಿಗ್ಗೆ ಆರಕ್ಕೆ ಕ್ಯಾನ್ಸಲ್ ಆಯಿತು. ಇನ್ನೊಂದು ಸಿಗಲೇ ಇಲ್ಲ. ಕೊನೆಗೆ ಸ್ಟ್ಯಾಂಡಿನ ಟ್ಯಾಕ್ಸಿಯ ಶಾಂತರಾಜುಗೆ ಫೋನ್ ಮಾಡಿದೆ.

"ಮಧುವನಳ್ಳಿ ದಾಟ್ಬುಟ್ಟೆ ಕಣಕ್ಕ, ಬಂದೆ" ಅಂದ. ಮಧುವನಹಳ್ಳಿ ಅಂದರೆ ನಮ್ಮೂರಿಗೆ ಹತ್ತೇ ನಿಮಿಷ; ಆದರೆ ಅವನು ಆಗಿನ್ನೂ ಅದಕ್ಕೂ ಎಷ್ಟೋ ಹಿಂದಿನ ಹನೂರಿನಲ್ಲೇ ಇದ್ದನಂತೆ. ಒಂದು ಗಂಟೆ ತಡವಾಗಿ ಬಂದ.

ಆಸ್ಪತ್ರೆಯಲ್ಲಿ ನಮ್ಮ ಸರದಿ ತಪ್ಪಿಹೋಗಿತ್ತು. ಬಯ್ಯಲು ತಿರುಗಿದರೆ, ಅವನು ಅಪ್ಪನನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಮುಂದಿನ ಸರದಿ ಸಿಕ್ಕಿ ಡಯಾಲಿಸಿಸ್ ಮುಗಿಯುವ ತನಕ, ಸಂಜೆಯವರೆಗೂ ನಮ್ಮ ಜೊತೆಗೇ ಕಾದ. ಬಯ್ಯಲಾಗಲಿಲ್ಲ.

ಗುರುವಾರ ಮತ್ತೆ ಹೋಗಬೇಕು. ಯಾವ ಕಾರು ಕರೆಯಲಿ ಎಂದು ಈಗಷ್ಟೇ ಅಪ್ಪನನ್ನು ಕೇಳಿದೆ. ಕಣ್ಣು ಮುಚ್ಚಿಕೊಂಡೇ ಹೇಳಿದರು, "ಅವ್ನೇ ಬರ್ಲಿ ಕಣವ್ವ. ಆರಕ್ಕೆ ಬೇಕಾದ್ರೆ ಐದಕ್ಕೆ ಅನ್ನು."