ಇಪ್ಪತ್ತೆರಡನೇ ನಂಬರಿನ ಹುಡುಗಿ

ಜುಲೈ ೭, ೧೯೬೪. ಬೆಳಿಗ್ಗೆ ೮

ಹೊರಡುವ ಮುನ್ನ ಎಣಿಕೆ. ಮೂವತ್ತೆಂಟು ವಿದೇಶಿ ವಿದ್ಯಾರ್ಥಿಗಳು, ಒಬ್ಬೊಬ್ಬರೂ ತಮ್ಮ ನಂಬರನ್ನು ತಮ್ಮ ಭಾಷೆಯಲ್ಲೇ ಕೂಗಬೇಕು. ಇಲ್ಲಿನ ಮನೆಗಳಲ್ಲಿದ್ದು ಒಂದು ವರ್ಷ ಓದಿ, ಊರಿಗೆ ಮರಳುವ ಹಡಗು ಹಿಡಿಯಲು ನ್ಯೂಯಾರ್ಕಿಗೆ ಬಸ್ಸಿನಲ್ಲಿ ಹೊರಟವರು. ದಿನಕ್ಕೊಂದು ಊರು, ದಿನಕ್ಕೊಂದು ಮನೆ. ಕಾಯಲು ನಾನೊಬ್ಬಳು. ಕಪ್ಪೆಗಳನ್ನು ತಕ್ಕಡಿಗೆ ಹಾಕುವ ಕೆಲಸ. ದನಿ ಕೇಳಿ ಪಟ್ಟಿಗೆ ಗೀಟು ಹಾಕಿದೆ. ಇವತ್ತು ಸರಿಯಿದೆ, ೩೮.

ನಿನ್ನೆ ಚಿಲಿಯ ಹಿಮೇನಾ — ನಂಬರ್ ೨೨ — ಬೇಡಿಕೊಂಡಳು. ವರ್ಷವಿಡೀ ಮಗಳಂತೆ ಸಾಕಿದ ಮಿಸೆಸ್ ಡನ್ನಿಂಗ್ ಆಸ್ಪತ್ರೆಯಲ್ಲಿ. ನಮ್ಮ ದಾರಿಯಿಂದ ಎಂಬತ್ತು ಮೈಲಿ.

“ಒಂದೇ ಒಂದ್ಸಲ ನೋಡ್ಕೊಂಡು ಬರ್ತೀನಿ, ಮಿಸ್.”

“ಬಿಟ್ಟ ಮನೆಗೆ ಮತ್ತೆ ಹೋಗೋ ಹಾಗಿಲ್ಲ ಕಣಮ್ಮ. ನಿಯಮ.”

ಗಿಣಿಪಾಠ ಒಪ್ಪಿಸಿದೆ.

ಮಧ್ಯಾಹ್ನ ೧೨.೩೦

ಊಟಕ್ಕೆ ನಿಲ್ಲಿಸಿದಾಗ ನೋಡಿದೆ. ಹಿಮೇನಾಳ ಸೀಟು ಖಾಲಿ. ಪಕ್ಕದಲ್ಲಿ ಕೂರುವ ಡೆನ್ಮಾರ್ಕಿನ ಬೋಡಿಲ್ ಮುಖ ಬಿಳಿಚಿಕೊಂಡಿತ್ತು.

“ಬೆಳಗ್ಗೆ ಅವಳ ನಂಬರ್ ಕೂಗಿದ್ದು ಯಾರೇ?”

“ನಾನೇ. ಅವಳ ಭಾಷೇಲಿ ಇಪ್ಪತ್ತೆರಡಕ್ಕೆ ‘ವೇಯಿಂತಿದೋಸ್’ ಅನ್ನೋದು ಕಲ್ತಿದ್ದೆ. ನಿನ್ನೆ ಉಳ್ಕೊಂಡಿದ್ದ ಮನೆಯವ್ರೇ ಕಾರಲ್ಲಿ ಕರ್ಕೊಂಡ್ ಹೋಗಿದಾರೆ. ನಾಳೆ ಎಂಟಕ್ಕೆ ಮುಂದಿನೂರಲ್ಲೇ ಬಸ್ ಹತ್ರ ಬರ್ತಾಳೆ, ಮಿಸ್.”

ನಮ್ಮ ಸಂಸ್ಥೆಯ ಆಫೀಸಿಗೆ ತಿಳಿಸಲೇಬೇಕು. ತಿಳಿಸಿದರೆ ನಿಯಮ ಮುರಿದ ತಪ್ಪಿಗೆ ಹುಡುಗಿ ಆಸ್ಪತ್ರೆ ಬಾಗಿಲಿಂದಲೇ ಊರಿನ ವಿಮಾನಕ್ಕೆ. ತಿಳಿಸದೆ ದಾರಿಯಲ್ಲಿ ಏನಾದರೂ ಆದರೆ? ಭಯವಾಗುತ್ತಿದೆ.

ಸಂಜೆ ೫.೪೦

ಆಸ್ಪತ್ರೆಗೆ ಫೋನ್ ಮಾಡಿದೆ. ಹಾಸಿಗೆ ಪಕ್ಕದಲ್ಲೇ ಕೂತಿದ್ದಾಳಂತೆ. ಆಫೀಸು ಆರಕ್ಕೆ ಮುಚ್ಚುತ್ತದೆ... ಇಪ್ಪತ್ತು ನಿಮಿಷ.

೬.೧೦

ಮಾಡಲಿಲ್ಲ.

ಜುಲೈ ೮. ಬೆಳಿಗ್ಗೆ ೮.೧೫

ಅವಳ ಸುಳಿವಿಲ್ಲ. ಎಣಿಕೆ ಕೇಳದೆ ಡ್ರೈವರ್ ಪರ್ವಿಸ್ ಗಾಡಿ ತೆಗೆಯುವವನಲ್ಲ. ಒಬ್ಬರು ಕಡಿಮೆಯಾದರೂ ಅವನೇ ಆಫೀಸಿಗೆ ಹೇಳಬೇಕು. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು... ಬೋಡಿಲ್ ಈ ಸಲ ನನಗೆ ಹೆದರಿ ಕೂಗಲಿಲ್ಲ. ನಾನೇ ಕೂಗಿದೆ. ವೇಯಿಂತಿದೋಸ್.

ಪರ್ವಿಸ್ ಕನ್ನಡಿಯಲ್ಲಿ ನನ್ನನ್ನು ನೋಡಿದ.

“ಟೈರಿಗೆ ಗಾಳಿ ಕಮ್ಮಿ ಇದೆ ಮೇಡಂ. ಅರ್ಧ ಗಂಟೆ ಹಿಡಿಯತ್ತೆ.”

ಇಳಿದು ನೋಡಿದೆ. ಟೈರು ಗಟ್ಟಿಮುಟ್ಟಾಗಿತ್ತು.

೮.೫೦

ಕಾರು ಬಂತು. ಹುಡುಗಿಯ ಹಿಂದೆ ಮಿಸ್ಟರ್ ಡನ್ನಿಂಗ್ ಟೋಪಿ ಕೈಯಲ್ಲಿ ಹಿಡಿದು ಇಳಿದರು.

“ಬೆಳಗಿನ ಜಾವ ಹೋಗ್ಬಿಟ್ಳು. ಕೊನೇವರ್ಗೂ ಈ ಮಗು ಕೈ ಹಿಡ್ಕೊಂಡೇ ಇತ್ತು. ಕಳ್ಸಿಕೊಟ್ರಲ್ಲ, ದೊಡ್ಡ ಉಪಕಾರ ಆಯ್ತು ಮೇಡಂ.”

ಕಳಿಸಿದ್ದು ನಾನಲ್ಲ. ನಾಚಿಕೆಯಿಂದ ನೆಲ ನೋಡಿದೆ.

ಮತ್ತೆ ಎಣಿಕೆ. ಹಿಮೇನಾ ತುಟಿ ಕಚ್ಚಿ ಕೂತಿದ್ದಳು. ಇಪ್ಪತ್ತು. ಇಪ್ಪತ್ತೊಂದು. ಅವಳ ಸರದಿಗೆ ದನಿ ಹೊರಡಲಿಲ್ಲ. ಆಗ ಬಸ್ಸಿಗೆ ಬಸ್ಸೇ, ಪರ್ವಿಸನೂ ಸೇರಿ, ಒಟ್ಟಿಗೆ ಕೂಗಿತು — ವೇಯಿಂತಿದೋಸ್.