ಅಣ್ಣನಿಗೆ ಹೇಳಿಕೊಟ್ಟ ವಿಂಗ್

ಮಾರ್ಚ್ 3, ಸಂಜೆ
ಇವತ್ತೂ ನಾಟಕದ ಹದಿನಾಲ್ಕು ಕೋಟುಗಳಿಗೆ ಗುಂಡಿ ಹೊಲಿದೆ. ಆಮೇಲೆ ಅಣ್ಣನಿಗೆ ಪಾಠ. ಥಿಯೇಟರಿನಲ್ಲಿ ಸ್ಟೇಜ್ ಸೂಪರ್‌ವೈಸರ್ ಕೆಲಸ ಒಂದೇ. ಅರ್ಜಿ ಹಾಕಿದವರು ಇಬ್ಬರು — ಬಡಗಿ ಅಣ್ಣ, ದರ್ಜಿ ನಾನು. ಹೊಸ ಮ್ಯಾನೇಜರಮ್ಮನಿಗೆ ಶಬ್ದಗಳ ಹುಚ್ಚು. ಸಾಮಾನು ತೋರಿಸಿ, ಈ ಇಂಗ್ಲಿಷ್ ಹೆಸರು ಯಾಕೆ ಬಂತು ಅಂತ ಕೇಳ್ತಾರಂತೆ. ಅಣ್ಣ ಇಪ್ಪತ್ತು ವರ್ಷದಿಂದ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಫ್ಲಾಟ್ ಮಾಡ್ತಿದ್ದಾನೆ. ಚಪ್ಪಟೆ ಇರೋದಕ್ಕೇ ಫ್ಲಾಟ್ ಅಂತ ಹೇಳಿದ್ದು ನಾನು. "ಅಯ್ಯೋ, ಇಷ್ಟೇನಾ!" ಅಂದ. ಪೆದ್ದ.

ಮಾರ್ಚ್ 5
ಫ್ಲಾಟ್ ಎತ್ತೋದು, ನಿಲ್ಲಿಸೋದು, ಹಗ್ಗ ಬಿಗಿಯೋದು ಅಣ್ಣ ಹೇಳಿಕೊಟ್ಟ. ಒಂದನ್ನೂ ಮುಚ್ಚಿಡಲಿಲ್ಲ. ನಾನು 'ಸೀನ್' ಹೇಳಿಕೊಟ್ಟೆ. ಮೊದಲು ಗ್ರೀಕ್ ನಟರು ವೇಷ ಬದಲಿಸೋ ಡೇರೆ, ಆಮೇಲೆ ಬಣ್ಣದ ಪರದೆ, ನಾಟಕದ ತುಂಡು... ಎಲ್ಲಕ್ಕೂ ಅದೇ ಹೆಸರು. 'ಬಿಹೈಂಡ್ ದ ಸೀನ್ಸ್' ಅಂದ್ರೆ ಆಗ ನಿಜಕ್ಕೂ ಪರದೆ ಹಿಂದೆ. ಒಂದೇ ಸಲಕ್ಕೆ ಬಾಯಿಪಾಠ ಮಾಡಿಬಿಟ್ಟ. ನನಗಿಂತ ಚೆನ್ನಾಗಿ ಹೇಳ್ತಾನೆ! ಹೊಟ್ಟೆ ಉರೀತು.

ಮಾರ್ಚ್ 9
"ಪುಟ್ಟೀ, ಪಕ್ಕದಲ್ಲಿ ನಿಲ್ಲೋ ಫ್ಲಾಟಿಗೂ ವಿಂಗ್, ನಟರು ಕಾಯೋ ಜಾಗಕ್ಕೂ ವಿಂಗ್. ಯಾಕೆ?"
ಕಟ್ಟಡದ ಪಕ್ಕಕ್ಕೆ ರೆಕ್ಕೆ ಥರ ಚಾಚಿದ ಭಾಗಕ್ಕೂ ವಿಂಗ್ ಅಂತಾರೆ, ಇದೂ ಹಾಗೇ. ಗೊತ್ತಿತ್ತು. ಹೇಳಲಿಲ್ಲ. ಯಾವನೋ ರಾಜ ಸ್ಟೇಜಿನ ಎರಡೂ ಕಡೆ ನಿಜವಾದ ಹದ್ದಿನ ರೆಕ್ಕೆ ಕಟ್ಟಿಸಿದ್ದ ಅಂದೆ. ಕೂತಲ್ಲೇ ಕಟ್ಟಿದ ಕಥೆ. ಬರೆದುಕೊಂಡ. ಕಷ್ಟಪಟ್ಟು ನಗು ತಡೆದೆ.

ಮಾರ್ಚ್ 12, ಮಧ್ಯಾಹ್ನ
ಇಂಟರ್‌ವ್ಯೂ. ಮೊದಲು ಅವನು. ಒಳಗಿಂದ ನಗು — ಮ್ಯಾನೇಜರಮ್ಮನದು, ಜೊತೆಗೆ ಕೂತಿದ್ದ ಇಬ್ಬರದೂ. ಆಹಾ, ಎಂಥ ಖುಷಿ ನನಗೆ!
ಹೊರಗೆ ಬಂದ. ಮುಖ ಬಿಳಿಚಿಕೊಂಡಿತ್ತು. ನನ್ನ ಕೈ ಹಿಡಿದ. "ಪುಟ್ಟೀ, ರೆಕ್ಕೆ ಕಥೆ ಹೇಳ್ಬೇಡ. ತಪ್ಪಂತೆ. ಸರಿ ಯಾವ್ದು ಅಂತ ಅವ್ರೂ ಹೇಳ್ಲಿಲ್ಲ. ಗೊತ್ತಿಲ್ಲ ಅಂದ್ಬಿಡು, ಇಲ್ಲಾಂದ್ರೆ ನಿನ್ನನ್ನೂ ನೋಡಿ ನಗ್ತಾರೆ."
ಒಳಗೆ ಹೋದೆ. ವಿಂಗ್ ಕೇಳಿದರು. ಸರಿಯಾಗಿ ಹೇಳಿದೆ.

ಮಾರ್ಚ್ 17
ಕೆಲಸ ನನಗೇ. ನಾಳೆಯಿಂದ ಅಣ್ಣ ನನ್ನ ಕೈಕೆಳಗೆ. ಮ್ಯಾನೇಜರಮ್ಮ ಎಲ್ಲರೆದುರು ಹೊಗಳಿದರು — "ವಿಂಗ್ ಬಗ್ಗೆ ಎಷ್ಟು ಚೆನ್ನಾಗಿ ಹೇಳಿದರು!" ಮೊದಲು ಚಪ್ಪಾಳೆ ಹೊಡೆದವನು ಅಣ್ಣ. ಮಧ್ಯದಲ್ಲೇ ನಿಲ್ಲಿಸಿದ.
ಈಗ ನನ್ನ ರೂಮಿನ ಬಾಗಿಲಲ್ಲಿ ನಿಂತಿದ್ದಾನೆ. ಏನೋ ಕೆಲಸ ಇರೋ ಹಾಗೆ ಬರೀತಿದ್ದೀನಿ. ತಲೆ ಎತ್ತೋಕೆ ಆಗ್ತಿಲ್ಲ.
"ಪುಟ್ಟೀ, ತಪ್ಪು ಅಂತ ಮಾತ್ರ ಹೇಳಿದ್ದೆ ನಾನು. ಒಳಗೆ ಹೋಗೋ ಅಷ್ಟರಲ್ಲಿ ಸರಿ ಉತ್ತರ ನಿಂಗೆ ಹೇಗೆ..."