ಫಿರೋಜಾ ಎಂಬ ಕಲ್ಲು, ಫಿರೋಜಾ ಎಂಬ ಕೂಸು

ಮಣ್ಣೂರ
೨೧-೧೧-೧೯೪೮

ಪ್ರೀತಿಯ ಗುರುಬಾಯಿ ಅಕ್ಕನಿಗೆ,

ನಿನ್ನ ತಮ್ಮ ಧರ್ಮಣ್ಣ ಮಾಸ್ತರನ ಶರಣು. ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ಉತ್ತರ ತಡವಾದುದಕ್ಕೆ ಅಂಚೆಯವನನ್ನು ಬೈಯಬೇಡ, ತಪ್ಪು ನನ್ನದೇ. ನಿನ್ನ ಸಿಟ್ಟು ಆರಲಿ ಎಂದು ಕಾದೆ. ಆದರೆ ಅದು ಕುಳ್ಳಿನ ಒಲೆ, ಮೇಲೆ ಬೂದಿ, ಒಳಗೆ ಕೆಂಡ. ಆಳಂದಕ್ಕೆ ಕೊಟ್ಟ ಮೇಲೆ ಆಳುವುದೇ ನಿನಗೆ ಅಂದವಾಗಿಬಿಟ್ಟಿದೆ!

"ಧರ್ಮ್ಯಾ, ಹೆಸರಿಡೋದು ಸೋದರತ್ತಿ ಹಕ್ಕು. ನನ್ನ ಬಿಟ್ಟು ಹ್ಯಾಂಗ ಇಟ್ರಿ? ಫಿರೋಜಾ ಅಂದ್ರೇನಲೇ? ಎಳ್ಳ ಅಮಾಸಿಗಿ ಬರ್ತೇನಿ, ಅದನ್ನ ತಗದು ನಮ್ಮ ಆಯಿ ಹೆಸರು ಗೌರಾಬಾಯಿ ಅಂತ ಇಡ್ತೇನಿ" ಎಂದು ಬರೆದಿದ್ದೀಯೆ. ಅಕ್ಕಾ, ತೆಗೆಯಬೇಡ. ಇದೊಂದನ್ನು ಬೇಡಿಕೊಳ್ಳಲೆಂದೇ ಈ ಪತ್ರ.

ನಡೆದದ್ದು ಹೀಗೆ. ಶ್ರಾವಣದಲ್ಲಿ ನನ್ನ ಮಗಳು ಹುಟ್ಟಿದಾಗ ರಜಾಕಾರರ ಹಾವಳಿಯಿಂದ ಆಳಂದದ ದಾರಿ ಮುಚ್ಚಿತ್ತು. ಹದಿಮೂರನೆಯ ದಿನ ತೊಟ್ಟಿಲು ಕಟ್ಟಿದರು, ಸೋದರತ್ತೆ ನೀನಿಲ್ಲ. ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಿ, ಹೆಂಗಸರಿಂದ ಬೆನ್ನಿಗೆ ಗುದ್ದು ತಿನ್ನುವವರು ಯಾರು? ಅವ್ವ ನಮ್ಮ ಓಣಿಯ ಸೂಲಗಿತ್ತಿ ಹುಸೇನಬೀಯನ್ನು ಕೂರಿಸಿದಳು. "ಕೂಸಿನ್ನ ಮೊದಲ ಕೈಯಾಗ ಹಿಡದಾಕಿ ನೀ. ಗುದ್ದೂ ನೀನ ತಿನ್ನು!"

ಇಡಬೇಕಾದ ಹೆಸರನ್ನು ನಾನು ಹೇಳಿರುವೆನೆಂದು ಅವ್ವ, ಅವ್ವ ಹೇಳಿರುವಳೆಂದು ನಾನು. ಹುಸೇನಬೀ "ಕುರ್ರ್" ಎಂದಳು. ಮುಂದೆ ಹೇಳಲು ಹೆಸರೇ ಇಲ್ಲ! ಗುದ್ದುಗಳು ಬೀಳುತ್ತಲೇ ಇವೆ. ಕೂಸು ಅವಳ ಉಂಗುರದ ನೀಲಿ ಫಿರೋಜಾ ಕಲ್ಲನ್ನು ಬಿಗಿಯಾಗಿ ಹಿಡಿದಿತ್ತು. "ಸಾಯ್ತೇನ್ರೆ ಯವ್ವಾ! ಫಿರೋಜಾ! ಫಿರೋಜಾ!" ಎಂದು ಕೂಗಿಬಿಟ್ಟಳು. ನಕ್ಕು ನಕ್ಕು ಬಾಣಂತಿಯ ಹೊಟ್ಟೆ ನೊಂದಿತು. "ಕಿವ್ಯಾಗ ಬಿದ್ದ ಹೆಸರು ತಿರುಗಿ ತಗಿಯಾಕ ಬರಂಗಿಲ್ಲ" ಎಂದು ಅವ್ವನ ತೀರ್ಪು. ಗುದ್ದು ಹುಸೇನಬೀಗೆ, ಮುದ್ದು ಕೂಸಿಗೆ, ನಿನ್ನ ಬೈಗುಳ ಮಾತ್ರ ನನಗೆ.

ಇನ್ನು ಅರ್ಥ. ಹೈದರಾಬಾದಿನ ಕಾಲೇಜಿನಲ್ಲಿ ಕಲಿತ ಪಾರ್ಸಿ ಇವತ್ತಾದರೂ ಉಪಯೋಗಕ್ಕೆ ಬರಲಿ. ಮೂಲ ಪದಕ್ಕೆ 'ಗೆದ್ದವನು' ಎಂದರ್ಥ. ಒಳ್ಳೆಯ ಫಿರೋಜಾ ಕಲ್ಲು ಇರಾಣದಿಂದ ಬರಬೇಕು. ಮುಗಿಲಿನದೊಂದು ಚೂರು ಉದುರಿಬಿದ್ದಂಥ ಬಣ್ಣ. ಸಂಸ್ಕೃತದ ಹಳೆಯ ವೈದ್ಯರೂ ಅದನ್ನು 'ಪೇರೋಜ' ಎಂದು ಬರೆದುಕೊಂಡರು, ಯಾರ ಮಡಿಯೂ ಕೆಡಲಿಲ್ಲ. ಬಹಮನಿ ಸುಲ್ತಾನರು ಕಲಬುರ್ಗಿಯಲ್ಲಿ ಕೂತ ಸಿಂಹಾಸನಕ್ಕೆ 'ತಖ್ತ್-ಎ-ಫಿರೋಜಾ' ಎಂದೇ ಹೆಸರು. ಜೇವರ್ಗಿ ಸೀಮೆಯಲ್ಲಿ, ಇದೇ ಭೀಮೆಯ ದಂಡೆಗೆ ಫಿರೋಜಾಬಾದ ಎಂಬ ಊರೇ ಇದೆ. ಹೆಣ್ಣಿಗೆ ಕಲ್ಲಿನ ಹೆಸರೇ ಎನ್ನುತ್ತೀಯಾ? ನಮ್ಮ ದೊಡ್ಡವ್ವ ಮಾಣಿಕಬಾಯಿ ಮತ್ತೇನು? ಅವಳ ಹೆಸರಿನಲ್ಲೂ ಕಲ್ಲು, ಬಡಿಸಿದ ಅನ್ನದಲ್ಲೂ ಕಲ್ಲು.

ಕೂಸಿಗೆ ಈಗ ಮೂರು ತಿಂಗಳು. ಕರೆದರೆ ಕತ್ತು ತಿರುಗಿಸುತ್ತದೆ. ಅವ್ವನಿಗೆ ನಾಲಿಗೆ ತಿರುಗದು, 'ಪಿರೂಜಿ' ಎನ್ನುತ್ತಾಳೆ, ಅದಕ್ಕೂ ನಗುತ್ತದೆ. ಮೂಗು ಮಾತ್ರ ನಿನ್ನದೇ, ಅದರ ತುದಿಯಲ್ಲಿ ಸಿಟ್ಟೂ ನಿನ್ನದೇ.

ಎಳ್ಳ ಅಮಾವಾಸ್ಯೆಗೆ ತಪ್ಪದೆ ಬಾ. ನಿನ್ನ ಹಕ್ಕು ಎಲ್ಲಿಯೂ ಹೋಗಿಲ್ಲ, ಇನ್ನೊಂದು ಕಿವಿ ಖಾಲಿ ಇದೆ. ಅದರಲ್ಲಿ ನೀನೂ ಫಿರೋಜಾ ಎಂದೇ ಕರೆ. ಗುದ್ದಲು ನನ್ನವಳು ಈಗಲೇ ಸೆರಗು ಸಿಕ್ಕಿಸಿ ನಿಂತಿದ್ದಾಳೆ. ಅವ್ವ ನಿನಗೂ ಮನೆಯವರಿಗೂ ಹರಸಿ ಹೇಳಿದ್ದಾಳೆ: "ತಣ್ಣಗಿರ್ರಿ, ನಾ ಸಾಯೂದ್ರಾಗ ಒಮ್ಮೆ ಬಂದು ಮಾರಿ ತೋರಸ್ರಿ."

ನಿನ್ನ ಬೈಗುಳಕ್ಕೆ ಅರ್ಹನಾದ,
ಧರ್ಮಣ್ಣ

ತಾ.ಕ.: ಇಷ್ಟೆಲ್ಲ ನಗೆಯಾಡಿದ್ದು ಇದನ್ನು ಬರೆಯಲು ಧೈರ್ಯ ಬರಲೆಂದು. ಹುಸೇನಬೀಯ ಗಂಡ, ಅರಳೆ ಹಿಂಜುವ ದಾವಲಸಾಬ, ಈಗ ಇಲ್ಲ. ಭಾದ್ರಪದದಲ್ಲಿ ಇಂಡಿಯನ್ ಯೂನಿಯನ್ ಸೈನ್ಯ ಬಂದು ರಜಾಕಾರರು ಓಡಿದ ಮೇಲೆ ಸೇಡಿನ ಗುಂಪುಗಳು ತಿರುಗತೊಡಗಿದವು. ಅವನು ನನ್ನ ಬಳಿ ಬಂದು, "ನಾ ರಜಾಕಾರರ ಸಂಗಟ ಹೋದಾಂವಲ್ಲ ಅಂತ ಎರಡ ಸಾಲು ಬರಕೊಡ್ರಿ ಮಾಸ್ತರ" ಎಂದ. ಅಂಜಿದೆ. "ನಾಳೆ ಬಾರೋ" ಎಂದೆ. ಅಂದು ಮಧ್ಯಾಹ್ನವೇ ಹೊಳೆದಂಡೆಯಲ್ಲಿ ಗುಂಪಿನ ಕೈಗೆ ಸಿಕ್ಕ.

ನಿನ್ನೆ ಹುಸೇನಬೀ ಬಂದಳು. ಹೊಸ್ತಿಲ ಹೊರಗೇ ನಿಂತಳು, ಕೂಸನ್ನು ಎತ್ತಿಕೊಳ್ಳಲಿಲ್ಲ. "ಹೆಸರು ಬದಲ್ ಮಾಡ್ರಿ ಮಾಸ್ತರ. ನಮ್ಮ ಹೆಸರು ಹೊತ್ತು ಈ ಕೂಸು ಎಲ್ಲೆಲ್ಲಿ ತಿರುಗಬೇಕ್ರಿ?" ಎಂದಳು.

ನೀನು ಕರೆಯುವಾಗ ಗಟ್ಟಿಯಾಗಿ ಕರೆ ಅಕ್ಕಾ. ಅವಳ ಮನೆಯವರೆಗೆ ಕೇಳಿಸಬೇಕು.